ಕಲ್ಲಿನ ಗೀಟು, ಅಕ್ಕನ ಹೆಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಲ್ಲು ಗುರುತಿಸುವುದರಲ್ಲಿ ಗಟ್ಟಿಗ ಎಂದು ಗಣಿ ಇಲಾಖೆಯಲ್ಲಿ ಹೆಸರು ಮಾಡಿ ಮೂವತ್ತೈದು ವರ್ಷ ಕಳೆದೆ. ಆ ಕಲ್ಲುಗಳಲ್ಲಿ ಮುಕ್ಕಾಲು ಪಾಲನ್ನು ಗುರುತಿಸಿದವಳು ನನ್ನ ಅಕ್ಕ ನಂಜಮ್ಮ. ಅವಳ ಹೆಸರನ್ನು ಯಾವ ಸಾಹೇಬರ ಮುಂದೆಯೂ ನಾನು ಹೇಳಲಿಲ್ಲ. ತನಗೂ ಅಲ್ಲೊಂದು ಕೆಲಸ ಕೇಳು ಎಂದು ಅವಳು ಬಾಯಿಬಿಟ್ಟು ಕೇಳಿದಾಗ ಕೇಳಲೂ ಇಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಓದಲಿ, ನಿಮ್ಮ ಅನುಭವ ಬರೆದುಕೊಡಿ ಎಂದು ಇಲಾಖೆಯವರು ಹೇಳಿದ್ದಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಬಡ್ತಿಯ ವಿಷಯ ಬರೆಯುವುದಿಲ್ಲ. ಸಿಕ್ಕಿದ್ದು ಎರಡು ಬಡ್ತಿ. ಎರಡನೆಯದು ಬಂದದ್ದು ನನಗೆ ಗೊತ್ತಾಗುವಷ್ಟರಲ್ಲಿ ನಿವೃತ್ತಿ ಹತ್ತಿರವಾಗಿತ್ತು.

ನಮ್ಮ ಊರು ಶೆಟ್ಟಿಕೆರೆಯಿಂದ ಮುಕ್ಕಾಲು ಗಂಟೆಯ ನಡಿಗೆ. ಊರಿನ ಕೆಳಗೆಲ್ಲ ತೆಂಗು, ಮೇಲೆಲ್ಲ ಕಲ್ಲುಗುಡ್ಡ. ಕೆಳಗಿನದು ಉಳ್ಳವರದು, ಮೇಲಿನದು ಮೇಕೆಗಳದು. ನಮ್ಮದು ಮೇಕೆಗಳ ಪಕ್ಷ. ನಾನು ಶಾಲೆಗೆ ಹೋಗುವಷ್ಟು ದಿನ ಮೇಕೆ ಕಾದವಳು ಅಕ್ಕ. ಹಾಗಾಗಿ ಅವಳಿಗೆ ಅಕ್ಷರ ಬರಲಿಲ್ಲ, ಗುಡ್ಡ ಬಂತು.

ಮೇಕೆ ಮೇಯಿಸುತ್ತಲೇ ಅವಳು ಬಿಳಿ ಕಲ್ಲು ಆರಿಸಿ ತಂದು, ಕುಟ್ಟಿ, ಜರಡಿ ಹಿಡಿದು ರಂಗೋಲಿ ಪುಡಿ ಮಾಡಿ ಮಾರುತ್ತಿದ್ದಳು. ಗುಡ್ಡದಲ್ಲಿ ಬಿಳಿ ಕಲ್ಲು ಎರಡು ಜಾತಿ. ಒಂದು ಸುಣ್ಣದ ಜಾತಿ, ಕುಟ್ಟಿದರೆ ಪುಡಿಯಾಗುತ್ತದೆ. ಇನ್ನೊಂದು ಬೆಣಚುಕಲ್ಲು, ಇಡೀ ದಿನ ಕುಟ್ಟಿದರೂ ಪುಡಿಯಾಗದೆ ಕೈಗೆ ಚುಚ್ಚುತ್ತದೆ. ದೂರದಿಂದ ಎರಡೂ ಒಂದೇ. ತಪ್ಪು ಕಲ್ಲು ಹೊತ್ತು ತಂದರೆ ಒಂದು ದಿನದ ದುಡಿಮೆ ಹೋಯಿತು. ಹಾಗಾಗಿ ಅವಳು ಗುಡ್ಡದ ಮೇಲೆಯೇ ಪರೀಕ್ಷೆ ಮಾಡುತ್ತಿದ್ದಳು. ಸೊಂಟದ ಚೀಲದಲ್ಲಿ ಒಂದು ತಾಮ್ರದ ಕಾಸು, ಒಂದು ಗಾಜಿನ ಚೂರು, ಕರೆಂಟ್ ಕಂಬದಿಂದ ಬಿದ್ದು ಒಡೆದ ಬಿಳಿ ಪಿಂಗಾಣಿಯ ತುಂಡು. ಕಾಸಿನಿಂದ ಗೀರಿದರೆ ಗೆರೆ ಬಿತ್ತೋ, ಅದು ರಂಗೋಲಿ ಕಲ್ಲು. ಗಾಜಿನ ಮೇಲೆ ಕಲ್ಲೇ ಗೆರೆ ಎಳೆಯಿತೋ, ಅದು ಬೆಣಚು. ಬಣ್ಣದ ಪುಡಿಗೆ ಬೇಕಾದ ಕಲ್ಲನ್ನು ಪಿಂಗಾಣಿಯ ಒಡೆದ ಒರಟು ಮೈಗೆ ಉಜ್ಜಿ, ಬಿದ್ದ ಗೀಟಿನ ಬಣ್ಣ ನೋಡುವಳು. ಇದೇ ಪರೀಕ್ಷೆಗಳನ್ನು ನೀವು ಕಾಲೇಜಿನಲ್ಲಿ ದೊಡ್ಡ ದೊಡ್ಡ ಹೆಸರಿನಲ್ಲಿ ಕಲಿತಿದ್ದೀರಿ. ಅಕ್ಕನಿಗೆ ಹೆಸರು ಗೊತ್ತಿರಲಿಲ್ಲ.

ನನಗೆ ಇಲಾಖೆಯ ಕೆಲಸ ಸಿಕ್ಕಿದ್ದು ಮೇಕೆಗಳಿಂದ. ಗುಡ್ಡದ ಕಬ್ಬಿಣ, ಮ್ಯಾಂಗನೀಸ್ ಕಲ್ಲುಗಳ ನಕ್ಷೆ ಮಾಡಲು ಮೂರ್ತಿ ಸಾಹೇಬರು ಎಂಬ ಅಧಿಕಾರಿ ನಮ್ಮೂರಿನ ಹುಣಸೆ ತೋಪಿನಲ್ಲಿ ಟೆಂಟು ಹಾಕಿದ್ದರು. ನಾನು ದಿನಗೂಲಿಗೆ ಕಲ್ಲಿನ ಚೀಲ ಹೊರುವವನು. ಪ್ರತಿ ಚೀಲದ ಒಳಗೆ ಒಂದು ಚೀಟಿ ಹಾಕಿ, ಹೊರಗೆ ಇನ್ನೊಂದು ಅಂಟಿಸು ಎಂದು ಸಾಹೇಬರು ಹೇಳಿದ್ದರು. ಎರಡೆರಡು ಸಲ ಬರೆಯುವುದು ದಂಡ ಎಂದು ನಾನು ಹೊರಗೆ ಮಾತ್ರ ಅಂಟಿಸಿದ್ದೆ, ಮೈದಾ ಗಂಜಿ ಕಾಯಿಸಿ. ಸಾಹೇಬರು ತುಮಕೂರಿಗೆ ಹೋದ ದಿನ, ಮಧ್ಯಾಹ್ನ ಊಟ ಮಾಡಿ ಚೀಲಗಳ ಪಕ್ಕದಲ್ಲೇ ಮಲಗಿದೆ. ಎದ್ದಾಗ ಅಕ್ಕನ ಮೇಕೆಗಳು ಎಲ್ಲ ಚೀಲಗಳನ್ನೂ ನೆಕ್ಕಿ ಸ್ವಚ್ಛ ಮಾಡಿದ್ದವು. ಮೈದಾ ಗಂಜಿ ಎಂದರೆ ಮೇಕೆಗೆ ಪಾಯಸ. ಒಂದು ಮೇಕೆಯ ಬಾಯಲ್ಲಿ ಇನ್ನೂ ಅರ್ಧ ಚೀಟಿ ಇತ್ತು.

ಅಕ್ಕ ಓಡಿ ಬಂದಳು.

"ಏನ್ಲಾ ಕಾಯ್ತಿದ್ದೆ ನೀನು, ಕಲ್ಲಾ, ಕನಸಾ?"

"ನಿನ್ನ ಮೇಕೆ ಕಣಕ್ಕ ತಿಂದಿದ್ದು."

"ಅದು ಸರ್ಕಾರಿ ಕಾಗ್ದ ಅಂತ ಮೇಕೆಗೇನ್ಲಾ ಗೊತ್ತು? ಅಳಬ್ಯಾಡ. ಸುರಿ ಎಲ್ಲ."

ಎಪ್ಪತ್ತು ಚೀಲ. ಅವಳು ಹುಣಸೆ ಮರದ ಕೆಳಗೆ ಕೂತು ಒಂದೊಂದೇ ಕಲ್ಲು ತೆಗೆದುಕೊಂಡಳು. ಮೂಲೆ ಒಡೆದು ಒಳಮೈ ನೋಡುವಳು, ಕೈಯಲ್ಲಿ ತೂಗುವಳು, ಪಿಂಗಾಣಿಗೆ ಉಜ್ಜುವಳು. "ಇದು ಕೆಂಪು ಗೀಟು, ಬೋರೆಯ ಮೇಲಿಂದು. ಇದು ಕರೀ ಗೀಟು, ಕೈಗೆ ಮಸಿ ಅಂಟ್ತದೆ, ಹಳ್ಳದ ದಂಡೇದು. ಇದು ಹಳದಿ, ಬಿಲ್ವಪತ್ರೆ ಮರದ ಹತ್ರದ್ದು." ಹೊತ್ತು ಇಳಿಯುವಷ್ಟರಲ್ಲಿ ಕಲ್ಲುಗಳು ಗುಂಪು ಗುಂಪಾಗಿ, ಯಾವುದು ಗುಡ್ಡದ ಯಾವ ಕಡೆಯದು ಎಂಬ ಸಾಲಿನಲ್ಲಿ ಕೂತಿದ್ದವು.

ಮಾರನೇ ದಿನ ಸಾಹೇಬರು ಬಂದು, ಯಾವ ಕಲ್ಲು ಎಲ್ಲಿಯದು ಎಂದು ಬರೆದಿಟ್ಟಿದ್ದ ತಮ್ಮ ಪುಸ್ತಕ ಹಿಡಿದು ಹೊಂದಿಸಿ ನೋಡಿದರು. ಮೂರು ಕಲ್ಲು ಬಿಟ್ಟು ಎಲ್ಲ ಸರಿ. ಆ ಮೂರನ್ನು ಮತ್ತೆ ನೋಡಿದಾಗ ಎರಡರಲ್ಲಿ ತಪ್ಪಿದ್ದು ಪುಸ್ತಕ.

"ಯಾರು ವಿಂಗಡಿಸಿದ್ದು ಇದನ್ನ?"

"ನಾನೇ ಸಾರ್."

"ಚೀಟಿಗಳೆಲ್ಲಿ?"

"ಮೇಕೆ ತಿಂದ್ವು ಸಾರ್."

ಸುಳ್ಳನ್ನು ನಂಬಿದರು, ನಿಜವನ್ನು ನಂಬಲಿಲ್ಲ. ತನ್ನ ಜಾಣತನ ತೋರಿಸಲು ಹುಡುಗ ಬೇಕೆಂದೇ ಚೀಟಿ ಕಿತ್ತಿದ್ದಾನೆ ಎಂದು ಅವರು ಕೊನೆಯವರೆಗೂ ತಿಳಿದಿದ್ದರು. ಮೂರು ತಿಂಗಳಾದ ಮೇಲೆ ನನ್ನನ್ನು ಇಲಾಖೆಗೆ ಸೇರಿಸಿಕೊಂಡರು.

ಎಳೆಯರು ಇದರಿಂದ ಕಲಿಯಬೇಕಾದದ್ದು: ಚೀಟಿಯನ್ನು ಒಳಗೂ ಹಾಕಿ.

ಕೆಲಸ ಸಿಕ್ಕಿತು, ತಲೆನೋವು ಶುರುವಾಯಿತು. ಸೇರಿದ ಮೊದಲನೇ ವಾರವೇ ಮೂರ್ತಿ ಸಾಹೇಬರು ಒಂದು ಕರಿ ಕಲ್ಲು ಕೈಗಿಟ್ಟು, "ಏನಿದು, ಹೇಳು ನೋಡೋಣ" ಎಂದರು. ಸುತ್ತ ನಾಲ್ಕು ಜನ. ನನಗೆ ಅದು ಕಲ್ಲು ಎನ್ನುವುದು ಮಾತ್ರ ಗೊತ್ತು. ಬಾಯಿಗೆ ಬಂದದ್ದು ಹೇಳಿದೆ: "ಈಗಲೇ ಹೇಳಬಾರದು ಸಾರ್. ಕಲ್ಲನ್ನ ಒಂದು ರಾತ್ರಿ ಇಟ್ಟು ನೋಡಬೇಕು."

ಸಾಹೇಬರು ಹುಬ್ಬೇರಿಸಿದರು, ಆದರೆ ಬೇಡ ಎನ್ನಲಿಲ್ಲ. ಕಲ್ಲನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದೆ. ಅಕ್ಕನನ್ನು ಅದೇ ಊರಿನ ಕೆಳಗಿನ ಬೀದಿಗೆ ಕೊಟ್ಟಿತ್ತು. ಅವಳು ಬೆಳಗ್ಗೆ ಅಂಗಳದಲ್ಲಿ ಕೂತು, "ಕರೀ ಗೀಟು. ಆದ್ರೆ ಕೈಗೆ ಮಸಿ ಅಂಟಲ್ಲ, ಸೂಜಿಗಲ್ಲು ಹತ್ರ ತಂದ್ರೆ ಎಳ್ಕತದೆ. ಕಬ್ಬಿಣದ ಜಾತಿ, ಆ ಮಸಿ ಕಲ್ಲಲ್ಲ" ಎಂದಳು. ಒಡೆದ ರೇಡಿಯೋದ ಸೂಜಿಗಲ್ಲು ಅವಳ ಹತ್ತಿರ ಇತ್ತು. ಹೋಗಿ ಹಾಗೇ ಹೇಳಿದೆ. ಸಾಹೇಬರು ನನ್ನ ಬೆನ್ನು ತಟ್ಟಿದರು.

ಅಲ್ಲಿಂದ ಅದೇ ನನ್ನ ಪದ್ಧತಿಯಾಯಿತು. ಕಷ್ಟದ ಕಲ್ಲು ಬಂದರೆ ಒಂದು ರಾತ್ರಿ. ನನ್ನ ಡಬ್ಬಿಯಲ್ಲಿ ಹೋಗುವಾಗ ಮುದ್ದೆ, ಬರುವಾಗ ಕಲ್ಲು. ಡಬ್ಬಿಯ ಒಳಮೈಯೆಲ್ಲ ಗೀಚಿಹೋಗಿತ್ತು. ನನ್ನ ಹೆಂಡತಿ, "ನೀವೇನು ಊಟ ಮಾಡ್ತೀರೋ, ಡಬ್ಬೀನೇ ತಿಂತೀರೋ" ಎಂದು ಕೇಳುತ್ತಿದ್ದಳು.

ಮೂರ್ತಿ ಸಾಹೇಬರ ನಂತರ ಬಂದವರು ಜಯರಾಂ ಸಾಹೇಬರು. ಅವರಿಗೆ ಪುಸ್ತಕದಲ್ಲಿಲ್ಲದ ಕಲ್ಲನ್ನು ಕಂಡರೆ ಸಿಟ್ಟು. "ಒಂದು ರಾತ್ರಿ ಯಾಕೆ?" ಎಂದು ಅವರು ಕೇಳಿದಾಗ ಕಲ್ಲನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದೆ. ಪುಣ್ಯಕ್ಕೆ ಓದಿದವರು ಉತ್ತರವನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ಎರಡು ದಿನ ಯೋಚಿಸಿ, "ಕಲ್ಲಿನ ಒಳಗಿನ ಪಸೆ ಆರಬೇಕು, ಆಗ ಗೀಟು ಸರಿಯಾಗಿ ಬೀಳುತ್ತೆ, ಅಲ್ಲವಾ?" ಎಂದರು. "ಹೌದು ಸಾರ್" ಎಂದೆ. ಅವರು ಅದನ್ನು ತರಬೇತಿಯ ಟಿಪ್ಪಣಿಯಲ್ಲಿ ಬರೆದುಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಅಧಿಕಾರಿಗಳು ಆರಿದ ಕಲ್ಲನ್ನು ಮತ್ತೆ ಒಂದು ರಾತ್ರಿ ಆರಿಸಿದರೋ, ಆ ಪಾಪವೂ ನನ್ನದೇ. ನೀವು ಹಾಗೆ ಮಾಡಬೇಡಿ. ಮಳೆಯಲ್ಲಿ ನೆನೆದಿದ್ದರೆ ಬಟ್ಟೆಯಲ್ಲಿ ಒರೆಸಿ, ಸಾಕು.

ಜಯರಾಂ ಸಾಹೇಬರ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ತುಂಬ ಮೆದುವಾದ ಕಲ್ಲಿನಿಂದ ತುಂಬ ಗಡಸು ಕಲ್ಲಿನವರೆಗೆ ಒಂದರಿಂದ ಒಂಬತ್ತು. ಹತ್ತನೆಯದು ವಜ್ರ, ಅದರ ಜಾಗ ಖಾಲಿ. ಗೊತ್ತಿಲ್ಲದ ಕಲ್ಲನ್ನು ಇವುಗಳಿಂದ ಗೀರಿ ಗಡಸುತನ ತಿಳಿಯಬೇಕು. ಒಂದು ದಿನ ತೆಗೆದು ನೋಡಿದರೆ ಒಂದನೆಯದೂ ಇಲ್ಲ, ಒಂಬತ್ತನೆಯದೂ ಇಲ್ಲ. ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದರು. ಜೀಪಿನ ಡ್ರೈವರ್ ಪುಟ್ಟಸ್ವಾಮಿ ಒಪ್ಪಿಕೊಂಡ. ಒಂದನೆಯದು ಬಳಪದಂಥ ಕಲ್ಲು. ಬ್ಲೌಸ್ ಬಟ್ಟೆಯ ಮೇಲೆ ಗುರುತು ಹಾಕಲು ಅವನ ಹೆಂಡತಿ ಇಟ್ಟುಕೊಂಡಿದ್ದಳು. ಒಂಬತ್ತನೆಯದರಲ್ಲಿ ಅವನು ಕಾಯಿ ಕೊಚ್ಚುವ ಮಚ್ಚು ಮಸೆಯುತ್ತಿದ್ದ.

"ಅದು ಸರ್ಕಾರದ ಆಸ್ತಿ ಕಣೋ," ಎಂದರು ಸಾಹೇಬರು.

"ಹೌದು ಸಾರ್. ಆದ್ರೆ ಮಚ್ಚು ನೋಡಿ ಸಾರ್, ಎಂಗೆ ಮಿಂಚ್ತಾ ಐತೆ."

ಸಾಹೇಬರು ಮಚ್ಚಿನ ಬಾಯನ್ನು ಬೆರಳಲ್ಲಿ ಮುಟ್ಟಿ ನೋಡಿ, "ಹ್ಞೂಂ, ಗಡಸುತನ ಸರಿಯಾಗಿದೆ," ಎಂದರು. ಒಂಬತ್ತನೆಯದು ಸ್ವಲ್ಪ ಸವೆದು ವಾಪಸ್ಸು ಬಂತು. ಒಂದನೆಯದು ಬರಲಿಲ್ಲ, ಪೂರ್ತಿ ಬ್ಲೌಸಾಗಿತ್ತು.

ಇನ್ನೊಂದು ಪ್ರಸಂಗ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರದು. ಊರಿನಾಚೆ ಅವರ ತೋಟ. ಬೋರ್‌ವೆಲ್ ಕೊರೆಸುವಾಗ ಹಳದಿಯಾಗಿ ಮಿನುಗುವ ಕಲ್ಲಿನ ಚೂರು ಬಂದಿದ್ದವು. ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಕಚೇರಿಗೆ ಬಂದರು. ನಾನೊಬ್ಬನೇ ಇದ್ದೆ.

"ಬಾಗಿಲು ಹಾಕ್ರೀ ಮೊದ್ಲು," ಎಂದರು. ಹಾಕಿದೆ. "ಈ ವಿಷ್ಯ ಸರ್ಕಾರಕ್ಕೆ ಗೊತ್ತಾಗಬಾರ್ದು ಕಣ್ರೀ."

"ಯಜಮಾನ್ರೇ, ಇದೇ ಸರ್ಕಾರ."

"ನೀವಲ್ಲ ಕಣಪ್ಪ. ದೊಡ್ಡ ಸರ್ಕಾರ."

ಚಿನ್ನ ಸಿಕ್ಕಿದೆ ಎಂದು ಅವರ ಲೆಕ್ಕ. ಬೋರ್‌ವೆಲ್‌ಗೆ ಬೀಗ ಹಾಕಿ, ನೀರು ಬಿಡುವುದನ್ನೇ ನಿಲ್ಲಿಸಿದ್ದರು. ಚಿನ್ನದ ಮೇಲೆ ಮೋಟರ್ ಓಡಿಸುವುದುಂಟೇ? ನಾನು ಎಂದಿನಂತೆ ಒಂದು ರಾತ್ರಿ ಕೇಳಿದೆ. ಒಂದು ಚೂರು ಕೊಟ್ಟು, ಎಣಿಸಿದ್ದೇನೆ ನೆನಪಿರಲಿ ಎಂದು ಹೇಳಿ ಹೋದರು.

ಅಕ್ಕ ನೋಡಿ ನಕ್ಕಳು. ಪಿಂಗಾಣಿಗೆ ಉಜ್ಜಿದಳು. ಮಿನುಗುವ ಹಳದಿ ಕಲ್ಲಿನಿಂದ ಬಿದ್ದದ್ದು ಮಸಿಯಂಥ ಗೀಟು. ಪಕ್ಕದಲ್ಲಿ ತನ್ನ ತಾಳಿಯ ಗುಂಡನ್ನು ಮೆಲ್ಲಗೆ ಉಜ್ಜಿದಳು. ಹಳದಿ ಗೀಟು. "ನೋಡ್ಲಾ, ಚಿನ್ನ ಒಳಗೂ ಚಿನ್ನಾನೇ. ಇದು ಮೇಲೆ ಮದ್ಲಗಿತ್ತಿ, ಒಳಗೆ ಮಸಿ. ಸುತ್ಗೇಲಿ ಕುಟ್ಟು, ಚಿನ್ನ ಆದ್ರೆ ತೆಳ್ಳಗಾಯ್ತದೆ, ಇದಾದ್ರೆ ಪುಡಿ ಆಯ್ತದೆ." ಕುಟ್ಟಿದೆ. ಪುಡಿಯಾಯಿತು, ಬೆಂಕಿಕಡ್ಡಿಯ ವಾಸನೆ ಬಂತು.

ಮಾರನೇ ದಿನ ವ್ಯಾಪಾರಿಗೆ ಹೇಳಿದರೆ ನಂಬಲಿಲ್ಲ. "ನಾನು ಕೊಬ್ರಿ ಅಲ್ಲಾಡ್ಸಿ ಒಳಗೇನೈತೆ ಅಂತ ಹೇಳೋನು. ನಂಗೆ ಹೇಳಕ್ಕೆ ಬರ್ತೀಯಾ?"

"ಹಂಗಾದ್ರೆ ಇದನ್ನೂ ಅಲ್ಲಾಡ್ಸಿ ನೋಡಿ ಯಜಮಾನ್ರೇ."

ತಮಾಷೆಗೆ ಹೇಳಿದ್ದು. ಅವರು ನಿಜವಾಗಿಯೂ ಉಳಿದ ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಾನು ಅವರ ಬೆರಳಿನ ಉಂಗುರ ಇಸಿದುಕೊಂಡು ಪಿಂಗಾಣಿಗೆ ಉಜ್ಜಿ ತೋರಿಸಿದೆ, ಪಕ್ಕದಲ್ಲಿ ಕಲ್ಲನ್ನು ಉಜ್ಜಿದೆ. ಒಂದು ಹಳದಿ, ಒಂದು ಕಪ್ಪು. ಅವರ ಮುಖ ಮೊದಲು ಬಾಡಿತು, ಆಮೇಲೆ ನಿಧಾನವಾಗಿ ಅರಳಿತು.

"ಅಂದ್ರೆ ಈ ಉಂಗ್ರ ಚಿನ್ನಾನೇ?"

"ಗೀಟು ಹಂಗೇ ಹೇಳ್ತದೆ."

"ಮಾವನ ಮನೆಯೋರು ಹಾಕಿದ್ದು ಕಣಪ್ಪ. ಹಿತ್ತಾಳೆ ಅಂತ ಇಪ್ಪತ್ತು ವರ್ಷ ಹೆಂಡ್ತೀನ ಆಡ್ಕಂಡಿದ್ದೀನಿ."

ಬಂದಾಗ ಇದ್ದ ಗಣಿ ಹೋಯಿತು, ಹೆಂಡತಿಯ ತವರಿನ ಮಾನ ಉಳಿಯಿತು. ಸಂತೋಷವಾಗಿ ಹೋದರು. ಬೋರ್‌ವೆಲ್ ಬೀಗ ಅವತ್ತೇ ತೆಗೆದರಂತೆ.

ಈ ಹೊತ್ತಿಗೆ ನನ್ನ ಹೆಸರು ಹುಳಿಯಾರಿನಿಂದ ನೊಣವಿನಕೆರೆಯವರೆಗೆ ಹಬ್ಬಿತ್ತು. ತೋಟದವರು ಪಂಚೆಯಲ್ಲಿ, ಸೆರಗಿನಲ್ಲಿ, ಎಣ್ಣೆ ಡಬ್ಬದಲ್ಲಿ ಕಲ್ಲು ತರುತ್ತಿದ್ದರು. ಅಕ್ಕನೂ ನನಗೆ ಬಿಡಿಬಿಡಿಯಾಗಿ ಕಲಿಸುತ್ತಿದ್ದಳು. ಬಣ್ಣ ನಂಬಬ್ಯಾಡ, ಅದು ಹಬ್ಬದ ಬಟ್ಟೆ ಇದ್ದಂಗೆ. ಹೊರಮೈ ಬಿಸಿಲು ಮಳೆ ತಿಂದಿರ್ತದೆ, ಒಡೆದು ಒಳಗಿನ ಮೊಕ ನೋಡು. ಒಂದೇ ಗಾತ್ರದ ಎರಡು ಕಾಯಿ ಎತ್ತಿದ್ರೆ ನೀರು ಆರಿದ್ದು ಯಾವ್ದು ಅಂತ ಕೈಗೆ ಗೊತ್ತಾಗಲ್ವಾ, ಕಲ್ಲೂ ಅಂಗೇ ಎತ್ತಿ ನೋಡು. ಸುಣ್ಣದ ಕಲ್ಲೋ ಅಲ್ವೋ ಅಂತ ಅನುಮಾನ ಬಂದ್ರೆ ಪುಡಿ ಮೇಲೆ ನಿಂಬೆಹಣ್ಣು ಹಿಂಡು, ನೊರೆ ಬತ್ತದೆ. ಕಚೇರಿಯಲ್ಲಿ ಇದೇ ಪರೀಕ್ಷೆಗೆ ಇಟ್ಟಿರುವ ಆಸಿಡ್ ಮುಗಿದುಹೋದ ದಿನ ಈ ನಿಂಬೆಹಣ್ಣಿನಿಂದಲೇ ಇಲಾಖೆಯ ಮಾನ ಉಳಿಸಿದ್ದೇನೆ. ಉಳಿದ ಅರ್ಧ ಹೋಳನ್ನು ಪುಟ್ಟಸ್ವಾಮಿ ಊಟಕ್ಕೆ ಹಿಂಡಿಕೊಂಡ.

ಈಗ ಸ್ವಲ್ಪ ಹಿಂದಕ್ಕೆ ಹೋಗಿ, ಅಕ್ಕ ಕೆಲಸ ಕೇಳಿದ ಕಾಲದ ವಿಷಯ.

ಚಿಕ್ಕನಾಯಕನಹಳ್ಳಿಯಲ್ಲಿ ಕಲ್ಲಿನ ಮಾದರಿಗಳನ್ನು ವಿಂಗಡಿಸಿ ಇಡಲು ಇಲಾಖೆ ಒಂದು ಕೋಣೆ ಮಾಡಿತು. ಆಗಿನ್ನೂ ಮೂರ್ತಿ ಸಾಹೇಬರೇ ಇದ್ದರು. ನನ್ನನ್ನು ಕರೆದು, "ಲಿಂಗರಾಜು, ಇಬ್ಬರು ಹೆಂಗಸರು ಬೇಕು. ಈಗ ದಿನಗೂಲಿ, ಮುಂದೆ ಕಾಯಂ ಆಗುತ್ತೆ. ನಿಮ್ಮ ಮನೇಲಿ ನಿನ್ನ ಹಾಗೆ ಕಲ್ಲು ಗೊತ್ತಿರೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

ಅಕ್ಕ ಆ ಕೋಣೆಗೆ ಬಂದು ಕೂತರೆ ಒಂದೇ ದಿನ ಸಾಕು, ಯಾರಿಗೆ ಏನು ಗೊತ್ತು ಎಂದು ಎಲ್ಲರಿಗೂ ತಿಳಿಯುತ್ತದೆ.

"ಯಾರೂ ಇಲ್ಲ ಸಾರ್."

ಅದೇ ವಾರ, ತುರುವೇಕೆರೆಯ ಬೀದಿಗಳಲ್ಲಿ ರಂಗೋಲಿ ಪುಡಿ ಮಾರಿ ಬಂದ ಅಕ್ಕ ತಲೆಯ ಮೇಲಿನ ಪುಟ್ಟಿ ಇಳಿಸುತ್ತಾ ಕೇಳಿದಳು.

"ಲೇ ಲಿಂಗ, ಅಲ್ಲಿ ಕಲ್ಲು ಆರ್ಸೋ ಕೆಲ್ಸ ಐತಂತೆ. ಬಸ್ಸಲ್ಲಿ ಮಾತಾಡ್ಕಂತಿದ್ರು. ನಂಗೂ ಕೇಳ್ಲಾ. ಈ ಪುಟ್ಟಿ ಹೊತ್ತು ಹೊತ್ತು ಕತ್ತು ಬಿದ್ದೋಗೈತೆ."

"ಹೆಂಗಸ್ರನ್ನ ತಗೊಳಲ್ವಂತೆ ಕಣಕ್ಕ."

"ಕೇಳ್ದ್ಯಾ?"

"ಕೇಳ್ದೆ."

"ಹೋಗ್ಲಿ ಬುಡು," ಎಂದಳು. ಎಂದವಳು ಒಳಗೆ ಹೋಗಿ, ನಾನು ಹಿಂದಿನ ದಿನ ಕೊಟ್ಟಿದ್ದ ಕಲ್ಲನ್ನು ತಂದು ಕೈಗಿಟ್ಟಳು. "ಹಳದಿ ಗೀಟು ಬತ್ತದೆ. ಮೇಲೆ ಕರಿ ಇದ್ರೂ ಒಳಗೆ ತುಕ್ಕಿನ ಜಾತಿ. ಅಂಗೇ ಹೇಳು."

ನಾನು ಹಾಗೇ ಹೇಳಿದೆ. ಅದಕ್ಕೂ ಶಭಾಷ್ ಸಿಕ್ಕಿತು.

ಅವಳು ಮತ್ತೆ ಕೇಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಪುಟ್ಟಿ ಹೊತ್ತಳು. ನಾನು ಹಬ್ಬಕ್ಕೊಂದು ಸೀರೆ, ಜಾತ್ರೆಗೊಂದು ಸೀರೆ, ಕಾರಣ ಸಿಕ್ಕದಿದ್ದರೆ ಅಮಾವಾಸ್ಯೆಗೊಂದು ಸೀರೆ ತಂದುಕೊಡುತ್ತಿದ್ದೆ. "ಏನ್ ಪಾಪ ಮಾಡಿದ್ದೀಯೋ, ಇಷ್ಟೊಂದು ಸೀರೆ ತತ್ತೀಯಾ" ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೇಳಬಹುದಾದ ಸಮಯ ಅದೇ ಎಂದು ಪ್ರತಿಸಲವೂ ಅನಿಸುತ್ತಿತ್ತು. ನಗು ಮುಗಿಯುವಷ್ಟರಲ್ಲಿ ಸಮಯ ಹೋಗಿರುತ್ತಿತ್ತು.

ಕಷ್ಟದ ಕಲ್ಲಿನ ವಿಷಯದಲ್ಲಿ ಒಂದೇ ಒಂದು ಸಲ ಅಕ್ಕನನ್ನು ಕೇಳದೆ ಸ್ವಂತ ಬುದ್ಧಿಯಲ್ಲಿ ಹೇಳಿದ್ದುಂಟು. ಅವಳ ಮುಖ ನೋಡುವುದೇ ಕಷ್ಟವಾಗಿ, ಇನ್ನು ಮೇಲೆ ನಾನೇ ಮಾಡಬೇಕು ಎಂದು ಹಟ ಹಿಡಿದಿದ್ದ ಕಾಲ. ನೊಣವಿನಕೆರೆ ಕಡೆಯ ಒಂದು ತೋಟದ ಅಂಚಿನಲ್ಲಿ ಕಪ್ಪಗೆ ಹೊಳೆಯುವ ಕಲ್ಲುಗಳು ಸಿಕ್ಕಿದವು. ಜಯರಾಂ ಸಾಹೇಬರು ನನ್ನ ಮುಖ ನೋಡಿದರು. ರಾತ್ರಿಯನ್ನೂ ಕೇಳದೆ, "ಒಳ್ಳೇ ಜಾತಿ ಅದಿರು ಸಾರ್" ಎಂದುಬಿಟ್ಟೆ. ಸಾಹೇಬರಿಗೆ ಹುರುಪು ಬಂತು. ಆಳು ಇಟ್ಟು ಮೂರು ದಿನ ಗುಂಡಿ ತೋಡಿಸಿದರು. ಮೂರನೇ ದಿನ ಸಿಕ್ಕಿದ್ದು ಬೂದಿ, ಇದ್ದಿಲು, ಒಂದು ಮುರಿದ ನೇಗಿಲ ಗುಳ. ಸುತ್ತ ಸೇರಿದ್ದ ಜನರಲ್ಲಿ ಕಮ್ಮಾರರ ಮುದುಕರೊಬ್ಬರು ಗುಂಡಿಗೆ ಬಗ್ಗಿ ನೋಡಿದರು.

"ಇದು ನಮ್ಮಜ್ಜನ ಕುಲುಮೆ ಇದ್ದ ಜಾಗ ಕಣ್ರಪ್ಪ. ಆ ಕರೇದು ಕಬ್ಬಿಣದ ಕಿಟ್ಟ. ಕೆಲ್ಸಕ್ಕೆ ಬರಲ್ಲ ಅಂತ ನಮ್ಮಜ್ಜ ಬಿಸಾಕಿದ್ದು. ಸರ್ಕಾರಕ್ಕೆ ಬೇಕಾದ್ರೆ ತಗಂಡೋಗಿ, ನಾವೇನ್ ಕೇಳಲ್ಲ."

ಕಿಟ್ಟದಲ್ಲಿ ಗುಳ್ಳೆ ಗುಳ್ಳೆ ತೂತಿರುತ್ತದೆ. ನೋಡಲು ಭಾರ, ಎತ್ತಿದರೆ ಹಗುರ. ಎತ್ತಿ ನೋಡಿದ್ದರೆ ಸಾಕಿತ್ತು. ಜಯರಾಂ ಸಾಹೇಬರು ವರದಿಯಲ್ಲಿ "ಹಳೆಯ ಕಾಲದ ಲೋಹ ಕೆಲಸದ ಕುರುಹು ಪತ್ತೆ" ಎಂದು ಬರೆದು ತಪ್ಪನ್ನು ಶೋಧನೆ ಮಾಡಿದರು. ಅಂಥ ಮೇಲಧಿಕಾರಿ ಎಲ್ಲರಿಗೂ ಸಿಕ್ಕುವುದಿಲ್ಲ. ಮಾರನೇ ದಿನದಿಂದ ಡಬ್ಬಿಯಲ್ಲಿ ಮತ್ತೆ ಕಲ್ಲು ಊರಿಗೆ ಹೊರಟಿತು. ಹಟಕ್ಕಿಂತ ಭಯ ದೊಡ್ಡದು.

ನಿವೃತ್ತಿಗೆ ಸ್ವಲ್ಪ ಮುಂಚೆ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಕಲ್ಲಿಗೆ ಒತ್ತಿ ಹಿಡಿದರೆ ಒಳಗೆ ಏನೇನು ಧಾತು ಎಷ್ಟೆಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಅದನ್ನು ತಂದವರು ಸ್ಮಿತಾ ಮೇಡಂ, ಹೊಸ ಅಧಿಕಾರಿ, ನನ್ನ ಮಗಳ ವಯಸ್ಸು. ನನಗೆ ಒಳಗೊಳಗೇ ನೆಮ್ಮದಿ ಆಯಿತು. ಇನ್ನು ನನ್ನನ್ನು ಯಾರೂ ಕೇಳುವುದಿಲ್ಲ ಎಂದುಕೊಂಡೆ. ಆದರೆ ಮೊದಲ ದಿನವೇ ಎರಡು ಕಲ್ಲಿಗೆ ಯಂತ್ರ ಹಿಡಿದು, "ಎರಡರಲ್ಲೂ ಕಬ್ಬಿಣ ಅಂತಿದೆ ಲಿಂಗರಾಜಣ್ಣ. ಯಾವ ಕಬ್ಬಿಣ ಅಂತ ಹೇಳ್ತಿಲ್ಲ" ಎಂದರು. ನಾನು ಪಿಂಗಾಣಿಗೆ ಉಜ್ಜಿ ತೋರಿಸಿದೆ: ಒಂದು ಕೆಂಪು ಗೀಟು, ಒಂದು ಕಪ್ಪು; ಕಪ್ಪನ್ನು ಸೂಜಿಗಲ್ಲು ಎಳೆಯಿತು. ಅವರು ಮಗುವಿನಂತೆ ನಾಲ್ಕು ಸಲ ಉಜ್ಜಿ ನೋಡಿದರು. ಆಗ ಹುಟ್ಟಿದ್ದೇ ಅನುಭವ ಬರೆಸುವ ಯೋಚನೆ.

ನಿವೃತ್ತನಾದ ಮೇಲೆ, ಹೋದ ತಿಂಗಳು, ಅದೇ ಕೆಲಸಕ್ಕೆ ಮೇಡಂ ನಮ್ಮೂರಿಗೆ ಬಂದರು. ಬೆಳಗ್ಗೆ ಹತ್ತು ಗಂಟೆ. ನಾನು ಅಕ್ಕನ ಅಂಗಳದಲ್ಲಿ ಕೂತಿದ್ದೆ. ಭಾವ ತೀರಿಕೊಂಡು ನಾಲ್ಕು ವರ್ಷ. ಬೆಳಗಿನ ಕಾಫಿ ನಾನು ಅಲ್ಲೇ ಕುಡಿಯುವುದು. ಅಕ್ಕ ರಂಗೋಲಿ ಪುಡಿ ಜರಡಿ ಹಿಡಿಯುತ್ತಿದ್ದಳು. ಈಗ ಮಾರಲು ಹೋಗುವುದಿಲ್ಲ, ಬೀದಿಯ ಹೆಂಗಸರು ಬಂದು ತೆಗೆದುಕೊಂಡು ಹೋಗುತ್ತಾರೆ.

ಮೇಡಂ ಹಳೆಯ ತರಬೇತಿ ಟಿಪ್ಪಣಿ ತೆಗೆದು ಓದಿದರು. "ಲಿಂಗರಾಜಣ್ಣ, ಇದರಲ್ಲಿ ಒಂದು ಮಾತಿದೆ. ಕಲ್ಲನ್ನು ಒಂದು ರಾತ್ರಿ ಇಟ್ಟ ಮೇಲೆ ಪರೀಕ್ಷಿಸಬೇಕು ಅಂತ. ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಯಾಕೆ ಇದು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಜರಡಿ ಕೆಳಗಿಟ್ಟು ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂತು.

"ಕಲ್ಲೇನು ನಿದ್ದೆ ಮಾಡ್ತದಾ ಮಗಾ? ಇವ್ನು ಸಂಜೆ ತಂದು ಕೊಡೋನು. ಸಂಜೆ ಹೊತ್ತಲ್ಲಿ ಗೀಟಿನ ಬಣ್ಣ ಸರಿಯಾಗಿ ಕಾಣಕಿಲ್ಲ. ಬೆಳಿಗ್ಗೆ ಎದ್ದು ಉಜ್ಜಿ ಹೇಳ್ತಿದ್ದೆ. ಅದಕ್ಕೆ ಒಂದ್ ರಾತ್ರಿ."

ಮೇಡಂ ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಟಿಪ್ಪಣಿಯನ್ನು ನೋಡಿದರು. ಚೀಲದಿಂದ ನಾಲ್ಕು ಕಲ್ಲು ತೆಗೆದು ಅಕ್ಕನ ಮುಂದಿಟ್ಟರು. ಅಕ್ಕ ಒಂದೊಂದನ್ನೇ ಎತ್ತಿ, ಗೀರಿ, ಉಜ್ಜಿ ಹೇಳಿದಳು. ನಾಲ್ಕೂ ಸರಿ. ಮೇಡಂ ಕುರ್ಚಿ ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತರು.

"ಅಮ್ಮಾ, ಇಷ್ಟು ಗೊತ್ತಿದ್ದು ನೀವ್ಯಾಕೆ ಇಲಾಖೆಗೆ ಸೇರಲಿಲ್ಲ?"

"ಆಗ ಹೆಂಗಸ್ರನ್ನ ತಗಂತಿರ್ಲಿಲ್ವಂತಲ್ಲವ್ವ. ಪಾಪ, ಇವ್ನು ಹೋಗಿ ಕೇಳಿದ್ದ."

ಇಷ್ಟು ವರ್ಷವೂ ಅವಳು ಅದನ್ನೇ ನಂಬಿದ್ದಳು. ನನ್ನನ್ನು ಪಾಪ ಎಂದಳು.

ಮೇಡಂ ಹುಬ್ಬು ಗಂಟಿಕ್ಕಿದರು. "ಇಲ್ಲವಲ್ಲ ಅಮ್ಮ. ಮಾದರಿ ಕೋಣೆಗೆ ಮೊದಲಿಂದ ಹೆಂಗಸರೇ. ಇಬ್ಬರಿದ್ದರು. ಕಾಯಂ ಆಗಿ, ನಾನು ಬಂದ ಮೇಲೆ ನಿವೃತ್ತರಾದರು."

ಅಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಮೇಡಂಗೆ ಏನೋ ತಪ್ಪು ತಿಳಿದಿದೆ, ನಯವಾಗಿ ಬಿಡಿಸಿ ಹೇಳು ಎನ್ನುವ ಹಾಗೆ ನೋಡಿದಳು. ಅಂಥ ನೋಟಕ್ಕೆ ಸುಳ್ಳು ಹೇಳುವುದು ಸುಲಭ. ಇನ್ನೊಂದು ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದೂ ಇತ್ತು: ಅವರು ಆಮೇಲೆ ಬಂದವರು ಕಣಕ್ಕ. ಅವಳು ಅದನ್ನೂ ನಂಬುತ್ತಿದ್ದಳು. ಹೋಗ್ಲಿ ಬುಡು ಎಂದು ಜರಡಿ ಎತ್ತಿಕೊಳ್ಳುತ್ತಿದ್ದಳು.

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಸಾಹೇಬರ ಮುಂದೆ ನಿಂತು ಮಾತಾಡಿ ರೂಢಿ.

"ತಗೊಂತಿದ್ರು ಕಣಕ್ಕ. ಮೂರ್ತಿ ಸಾಹೇಬರೇ ಕರೆದು ಕೇಳಿದ್ರು, ನಿಮ್ಮ ಮನೇಲಿ ಕಲ್ಲು ಗೊತ್ತಿರೋರು ಯಾರಾದ್ರೂ ಇದ್ದಾರಾ ಅಂತ. ಯಾರೂ ಇಲ್ಲ ಅಂದೆ. ನೀನು ಬಂದ್ರೆ ನಂಗೇನೂ ಗೊತ್ತಿಲ್ಲ ಅಂತ ತಿಳಿದುಹೋಯ್ತದೆ ಅಂತ ಭಯ ಆಯ್ತು. ನೀನು ಕೇಳ್ದಾಗ, ಕೇಳ್ದೆ ಅಂತ ಸುಳ್ಳು ಹೇಳ್ದೆ. ನಾನು ಕೇಳೇ ಇರ್ಲಿಲ್ಲ. ಅಷ್ಟು ವರ್ಷ ನೀನು ಪುಟ್ಟಿ ಹೊತ್ತಿದ್ದು ನನ್ನಿಂದ. ತಪ್ಪಾಯ್ತು ಅಕ್ಕ. ತುಂಬಾ ದೊಡ್ಡ ತಪ್ಪಾಯ್ತು."